ಟೈರ್ ಪಾಲಿಶ್ ಬಿದ್ದ ಅಂಗಳ

ಮಾರ್ಚ್ ೪, ಮಂಗಳವಾರ

ಅಮ್ಮನ ಸೊಂಟದ ಆಪರೇಷನ್ ಮುಗಿಯಿತು. ಒಳಗೆ ರಾಡು ಹಾಕಿದ್ದಾರೆ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಏನೇನೋ ತೋರಿಸಿದರು, ನಾನು ಎಲ್ಲದಕ್ಕೂ ತಲೆಯಾಡಿಸಿದೆ. ನನಗೆ ಅರ್ಥವಾದದ್ದು ಒಂದೇ. ಅಮ್ಮನನ್ನು ಬೇಗ ಎಬ್ಬಿಸಿ ನಡೆಸಬೇಕು. ಮಲಗಿದಲ್ಲೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತದಂತೆ, ಈ ವಯಸ್ಸಿನಲ್ಲಿ ಮುರಿದ ಸೊಂಟಕ್ಕಿಂತ ಅದೇ ದೊಡ್ಡ ಅಪಾಯವಂತೆ.

ಎಷ್ಟೋ ವರ್ಷದ ಮೇಲೆ ಡೈರಿ ಬರೆಯುತ್ತಿದ್ದೇನೆ. ಬರೆಯದಿದ್ದರೆ ಯಾರನ್ನಾದರೂ ಕಚ್ಚಿಬಿಡುತ್ತೇನೆ.

ಭಾನುವಾರ ಬೆಳಿಗ್ಗೆ ಅಮ್ಮ ಪೇಪರ್ ತರಲು ಗೇಟಿಗೆ ಹೊರಟಳು. ನಮ್ಮ ಮನೆಯ ಬಾಗಿಲಿನಿಂದ ಗೇಟಿನವರೆಗೆ ಸಿಮೆಂಟಿನ ಅಂಗಳ, ಒಂದು ಕಾರು ನಿಲ್ಲುವಷ್ಟು ಜಾಗ. ಅದೇ ಆ ಮನುಷ್ಯನ ವರ್ಕ್‌ಶಾಪು. ಆ ಮನುಷ್ಯ ಎಂದರೆ ನನ್ನ ಗಂಡ. ಜನ ಕಾರು ತಂದು ನಿಲ್ಲಿಸುತ್ತಾರೆ, ಅವನು ತೊಳೆದು, ತಿಕ್ಕಿ, ವ್ಯಾಕ್ಸ್ ಹಚ್ಚಿ ಫಳಫಳ ಮಾಡಿ ಕೊಡುತ್ತಾನೆ. ಶನಿವಾರ ಸಂಜೆ ಯಾರದೋ ಕಾರಿನ ಟೈರುಗಳಿಗೆ ಕಪ್ಪು ಹೊಳಪು ಬರಲಿ ಎಂದು ಪಾಲಿಶ್ ಸ್ಪ್ರೇ ಹೊಡೆದ. ಅರ್ಧ ಟೈರಿಗೆ ಹೋಯಿತು, ಅರ್ಧ ನೆಲಕ್ಕೆ. ಕಾರಿನವನು ಅವಸರ ಮಾಡಿದನೆಂದು ನೆಲ ಒರೆಸದೆ ಎದ್ದು ಬಂದ. ಆ ಪಾಲಿಶು ಎಣ್ಣೆಗಿಂತ ಜಾರುತ್ತದೆ. ಅಮ್ಮನ ಚಪ್ಪಲಿ ಅದರ ಮೇಲೆ ಬಿತ್ತು.

ಬಟ್ಟೆ ತೆಗೆದುಕೊಂಡು ಹೋಗಲು ಆಸ್ಪತ್ರೆಯಿಂದ ಮನೆಗೆ ಬಂದವಳು ಮೊದಲು ಅವನ ಕಪಾಟಿಗೆ ಕೈ ಹಾಕಿದೆ. ಶಾಂಪೂ, ವ್ಯಾಕ್ಸು, ಚಕ್ರ ತೊಳೆಯುವ ನೀರು, ಕ್ಯಾನು, ಡಬ್ಬಿ, ಒಂದನ್ನೂ ಬಿಡದೆ ಹೊರಗೆ ಎಸೆದೆ. ಎಸೆದ ರಭಸಕ್ಕೆ ಕೆಲವು ಅಂಗಳದಲ್ಲೇ ಒಡೆದು ಹರಿದವು. ಉಳಿದದ್ದನ್ನು ಕಸದ ಗಾಡಿಯವನಿಗೆ ಕೊಟ್ಟೆ. ಇನ್ನು ಈ ಅಂಗಳದಲ್ಲಿ ಒಂದು ಕಾರು ಕಂಡರೆ ನಾನು ಮನುಷ್ಯಳಾಗಿರುವುದಿಲ್ಲ ಎಂದು ಹೇಳಿದ್ದೇನೆ. ಅವನು ಕೈ ಇಳಿಬಿಟ್ಟುಕೊಂಡು ನಿಂತಿದ್ದ. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಒಂದು ಡಬ್ಬಿ ಅವನ ಕಡೆಗೂ ಹೋಗುತ್ತಿತ್ತು.

ಮಾರ್ಚ್ ೮, ಶನಿವಾರ

ಅಮ್ಮ ಮನೆಗೆ ಬಂದಳು. ಆಂಬ್ಯುಲೆನ್ಸಿನ ಇಬ್ಬರು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಅಂಗಳ ದಾಟಿಸಿದರು. ಬಿದ್ದ ಜಾಗ ಬಂದಾಗ ಅಮ್ಮ ಕಣ್ಣು ಮುಚ್ಚಿಕೊಂಡದ್ದನ್ನು ನೋಡಿದೆ.

ಮುಂದಿನ ಕೋಣೆಯಲ್ಲಿ ಮಂಚ ಹಾಕಿದ್ದೇವೆ. ಕಿಟಕಿ ಅಂಗಳಕ್ಕೇ ತೆರೆಯುತ್ತದೆ. ಮಂಚದ ಪಕ್ಕ ವಾಕರ್ ನಿಲ್ಲಿಸಿದ್ದೇನೆ, ಅಮ್ಮ ಅದರ ಮೇಲೆ ಟವೆಲ್ ಒಣಹಾಕಿದ್ದಾಳೆ.

"ಒಂದೆರಡು ದಿನ ಒಳಗೇ ನಡಿ. ಆಮೇಲೆ ಗೇಟಿನವರೆಗೆ ಹೋಗಿ ಬರೋಣ. ಡಾಕ್ಟ್ರು ಬಿಸಿಲಲ್ಲಿ ನಡೆಸಿ ಅಂದಿದಾರೆ" ಎಂದೆ.

"ಆ ಜಿಡ್ಡು ಹೋಗೋವರೆಗೂ ನಾನು ಹೊಸ್ತಿಲು ದಾಟಲ್ಲ. ನೀನು ಏನಾದ್ರೂ ಮಾಡ್ಕೋ."

"ತೆಗೀತೀನಿ ಬಿಡು. ನನ್ನ ಕೆಲಸಾನೇ ಅದಲ್ವಾ?"

ನನ್ನ ಕೆಲಸ ನಿಜವಾಗಿಯೂ ಅದೇ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವವಳು ನಾನು. ಶಾಯಿ, ರಕ್ತ, ಗ್ರೀಸು, ಲಿಪ್‌ಸ್ಟಿಕ್ಕು, ಯಾವುದು ಬಂದರೂ ಮಾಲಕಿ ನನ್ನ ಮೇಜಿಗೇ ತಳ್ಳುತ್ತಾರೆ. ಸಿಮೆಂಟು ಯಾವ ದೊಡ್ಡ ರೇಷ್ಮೆ?

ಸಂಜೆ ಅಣ್ಣನ ಫೋನು. ಅಣ್ಣ ಬೇರೆ ಊರಿನಲ್ಲಿ ಬ್ಯಾಂಕ್ ಮ್ಯಾನೇಜರ್. ನನ್ನ ಮದುವೆಯ ದಿನದಿಂದಲೂ ಅವನ ಮುಖ ಸಡಿಲವಾಗಿಲ್ಲ. "ಅಮ್ಮ ನೆಟ್ಟಗೆ ನಡೆಯೋ ಹಾಗಾದ್ರೆ ಸರಿ. ಇಲ್ಲಾಂದ್ರೆ ನಾನು ಬಂದು ಕರ್ಕೊಂಡು ಹೋಗ್ತೀನಿ. ಆ ಪಾಲಿಶ್ ಹಚ್ಚೋನ ಮನೇಲಿ ಅವಳನ್ನ ಸಾಯೋಕೆ ಬಿಡಲ್ಲ" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಅಮ್ಮನನ್ನು ಕಳಿಸುವುದು ನನ್ನಿಂದ ಆಗದು.

ಮಾರ್ಚ್ ೯, ಭಾನುವಾರ

ಪಾತ್ರೆ ತೊಳೆಯುವ ಸೋಪು, ಕುದಿಯುವ ನೀರು, ಗಟ್ಟಿ ಬ್ರಷ್ಷು. ಬೆಳಿಗ್ಗೆಯಿಡೀ ಮಂಡಿಯೂರಿ ಉಜ್ಜಿದೆ. ನೀರು ಸುರಿದರೆ ಹರಡದೆ ಮುತ್ತುಮುತ್ತಾಗಿ ಉರುಳಿ ಹೋಗುತ್ತದೆ. ಪಾಲಿಶು ಸಿಮೆಂಟಿನೊಳಗೆ ಇಳಿದು ಕೂತಿದೆ.

ಕಲೆಗಳನ್ನೆಲ್ಲ ಇವತ್ತು ಸರಿಯಾಗಿ ನೋಡಿದೆ. ಟೈರ್ ನಿಂತಿದ್ದ ಕಡೆ ಕಪ್ಪಗೆ ಬಾಗಿದ ಪಟ್ಟಿಗಳು. ನಡುವೆ ವ್ಯಾಕ್ಸ್ ಬಿದ್ದು ಬೆಳ್ಳಗೆ ಅಂಟಿದ ತೇಪೆ. ಗೇಟಿನ ಕಡೆಗೆ ನೇರಳೆ ಬಣ್ಣದ ಒಂದು ದೊಡ್ಡ ಕಲೆ, ಚಕ್ರದ ತುಕ್ಕು ತೆಗೆಯುವ ದ್ರಾವಣ ಹರಿದದ್ದು. ಎಲ್ಲವೂ ಅವನ ಪ್ರತಾಪ. ಒಬ್ಬ ಮನುಷ್ಯ ಒಂದು ಅಂಗಳವನ್ನು ಇಷ್ಟು ಹಾಳು ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ.

ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು. "ನನ್ನ ಸೊಂಟ ಮುರಿದಿದ್ದು ಸಾಲದು ಅಂತ ಈಗ ನೆಲದ ಸೊಂಟ ಮುರೀತಿದೀಯಾ?" ಎಂದಳು.

ಮಾರ್ಚ್ ೧೩, ಗುರುವಾರ

ಅಂಗಡಿಯಿಂದ ಗ್ರೀಸ್ ತೆಗೆಯುವ ಸಾಲ್ವೆಂಟ್ ತಂದೆ. ಮಾಲಕಿಯನ್ನು ಕೇಳಿದ್ದಕ್ಕೆ ಕೊಟ್ಟರು, ಜೊತೆಗೆ "ಅಂಗಳಾನೇ ಮಡಚಿ ಇಲ್ಲಿಗೆ ತಂದ್ಬಿಡು, ಮೆಷಿನ್‌ಗೆ ಹಾಕೋಣ" ಎಂದು ನಕ್ಕರು. ನಾನು ನಗಲಿಲ್ಲ. ಅವರಿಗೆ ಬೇಸರವಾಗಿರಬೇಕು.

ಬಡಗಿಯ ಹತ್ತಿರ ಮರದ ಹೊಟ್ಟು ಬೇಡಿ ತಂದು ಸಾಲ್ವೆಂಟಿನಲ್ಲಿ ಕಲಸಿ ಕಪ್ಪು ಪಟ್ಟಿಗಳ ಮೇಲೆ ದಪ್ಪಗೆ ಹರಡಿದೆ. ಬಟ್ಟೆಯಲ್ಲಾದರೆ ಜಿಡ್ಡು ಹೀಗೇ ಮೇಲೆ ಬರುತ್ತದೆ. ಸಂಜೆ ಗುಡಿಸಿ ನೋಡಿದರೆ ಬಣ್ಣ ಸ್ವಲ್ಪ ತಿಳಿಯಾಗಿದೆ, ಅಗಲ ಮಾತ್ರ ಜಾಸ್ತಿಯಾಗಿದೆ. ಕಾಲಿಟ್ಟರೆ ಈಗಲೂ ಜಾರುತ್ತದೆ. ಅಳು ಬಂತು.

ಆ ಮನುಷ್ಯ ಪೆಟ್ರೋಲ್ ಬಂಕಿನ ಪಕ್ಕದ ಕಾರ್ ವಾಷ್‌ನಲ್ಲಿ ಕೂಲಿಗೆ ಸೇರಿದ್ದಾನೆ. ಮಧ್ಯಾಹ್ನ ಮನೆಗೆ ಬಂದು ಅಮ್ಮನಿಗೆ ಊಟ ಕೊಟ್ಟು ಹೋಗುತ್ತಾನೆ. ಅಮ್ಮ ಅವನ ಕೈ ಹಿಡಿದುಕೊಂಡು ಅಡುಗೆಮನೆಯವರೆಗೆ ನಡೆದಳಂತೆ. ನಾನು ನೋಡಲಿಲ್ಲ, ಹೊಟ್ಟು ತರಲು ಹೋಗಿದ್ದೆ.

ಮಾರ್ಚ್ ೧೬, ಭಾನುವಾರ

ಇವತ್ತು ಜಗಳ. ನಾನು ಬಾಗಿ ಉಜ್ಜುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. ಅಂಗಳಕ್ಕೆ ಇಳಿಯಲಿಲ್ಲ, ಇಳಿಯಬಾರದೆಂದು ನಾನೇ ಹೇಳಿದ್ದೆ.

"ಆ ಹಳದಿ ಕ್ಯಾನು ಇದ್ದಿದ್ರೆ ಒಂದು ಗಂಟೆ ಕೆಲಸ. ಟೈರ್ ಪಾಲಿಶ್ ತೆಗೆಯೋಕೆ ಅಂತಾನೇ ಇಟ್ಟಿದ್ದೆ."

"ಯಾವ ಹಳದಿ ಕ್ಯಾನು?"

"ಅದೂ ಕಸದ ಗಾಡೀಲಿ ಹೋಯ್ತು."

"ಹಾಗಾದ್ರೆ ತಪ್ಪು ನಂದು ಅಂತೀರಾ?"

"ನಾನೆಲ್ಲಿ ಹಾಗಂದೆ? ಇನ್ನೊಂದು ಕ್ಯಾನು ತರಿಸ್ತೀನಿ. ಬರೋಕೆ ಎರಡು ವಾರ ಆಗುತ್ತೆ. ಅಲ್ಲೀವರೆಗೂ ಮರಳು ಹಾಕಿಡು, ಜಾರಲ್ಲ. ಅತ್ತೆ ಮರಳಿನ ಮೇಲೆ ನಡೀಬಹುದು."

ಮರಳಂತೆ. ನನ್ನ ಅಮ್ಮ ಮರಳಿನಲ್ಲಿ ವಾಕರ್ ಊರಿಕೊಂಡು ಹೋಗಬೇಕಂತೆ. ನನಗೆ ಎಲ್ಲಿತ್ತೋ ಸಿಟ್ಟು, ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ. ನಿಮ್ಮ ಡಬ್ಬಿ ನೀರು ಈ ಮನೆಗೆ ಇನ್ನು ಒಂದು ತೊಟ್ಟೂ ಬರಕೂಡದು ಎಂದೆ. ಅವನು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಮ್ಮನ ನಗು ಕೇಳಿಸಿತು. ವಾಕರಿಗೆ ಹಾರನ್ ಇಡಿಸಿಕೊಡುತ್ತೇನೆಂದು ಹೇಳಿದನಂತೆ.

ಆಮೇಲೆ ಅಮ್ಮನನ್ನು ಕೇಳಿದೆ, "ಬೀಳಿಸಿದವರ ಕೈ ಹಿಡ್ಕೊಂಡು ನಡೀತೀಯಲ್ಲ, ನಿನಗೆ ಭಯ ಆಗಲ್ವಾ?"

"ಒಂದ್ಸಲ ಬೀಳಿಸಿದವರು ಕಣೇ. ಇನ್ನೊಂದ್ಸಲ ಬೀಳಿಸಲ್ಲ. ನಿನ್ನ ಕೈ ಹಿಡ್ಕೊಂಡ್ರೆ ನೀನು ನೆಲಾನೇ ನೋಡ್ತಿರ್ತೀಯ, ನನ್ನ ನೋಡಲ್ಲ" ಎಂದಳು.

ಮಾತು ಮಾತ್ರ ಗರಗಸ. ಸೊಂಟ ಮುರಿದರೂ ನಾಲಿಗೆಗೆ ಒಂದು ಗೀರು ಬಿದ್ದಿಲ್ಲ.

ಮಾರ್ಚ್ ೧೯, ಬುಧವಾರ

ನೇರಳೆ ಕಲೆಗೆ ಬ್ಲೀಚಿಂಗ್ ಪೌಡರ್ ಹಾಕಿದೆ. ತುಕ್ಕಿನ ಬಣ್ಣಕ್ಕೆ ತಿರುಗಿತು. ಕಬ್ಬಿಣದಂಶ ಇರುವ ಕಲೆಗೆ ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ ಎಂದು ಹೊಸ ಹುಡುಗಿಯರಿಗೆ ನಾನೇ ಪಾಠ ಹೇಳುತ್ತೇನೆ. ಬಟ್ಟೆಯಾಗಿದ್ದರೆ ಹಾಕುತ್ತಿರಲಿಲ್ಲ.

ಇವತ್ತು ಕೆಲಸಕ್ಕೂ ರಜೆ. ಅಮ್ಮನಿಗೆ ತಲೆ ಬಾಚಬೇಕಿತ್ತು, ನನ್ನ ಕೈಯೆಲ್ಲ ಬ್ಲೀಚಿನ ವಾಸನೆ. ಗಂಡ ಬಾಚಿದರು. ಜಡೆ ಸೊಟ್ಟಗಿತ್ತು.

ಅಣ್ಣ ಭಾನುವಾರ ಬರುತ್ತಾನಂತೆ.

ಮಾರ್ಚ್ ೨೨, ಶನಿವಾರ

ಅಮ್ಮ ಈಗ ವಾಕರ್ ಇಲ್ಲದೆ ಒಬ್ಬರ ಕೈ ಹಿಡಿದು ಮನೆಯೊಳಗೆಲ್ಲ ಓಡಾಡುತ್ತಾಳಂತೆ. ಇವರು ಹೇಳಿದರು. ಬಾಗಿಲವರೆಗೂ ಬಂದು ಒಂದು ಕಾಲು ಹೊಸ್ತಿಲ ಮೇಲಿಟ್ಟು ಅಂಗಳ ನೋಡಿ ಹಿಂದಕ್ಕೆ ಹೋದಳಂತೆ. ಅಂದರೆ ಉಳಿದಿರುವುದು ಅಂಗಳ ಒಂದೇ. ನಾಳೆ ಅಣ್ಣ ಗೇಟು ತೆಗೆಯುವಾಗ ಅಮ್ಮ ತಾನೇ ನಡೆದು ಎದುರಿಗೆ ಹೋಗಬೇಕು. ಅವನ ಬಾಯಿಗೆ ಬೀಗ ಬೀಳಬೇಕು. ಇಷ್ಟಾದರೆ ನನಗೆ ಬೇರೇನೂ ಬೇಡ.

ಹಾರ್ಡ್‌ವೇರ್ ಅಂಗಡಿಯವನ ಹತ್ತಿರ ಹೋದೆ. ಎಲ್ಲ ಕೇಳಿಸಿಕೊಂಡು ಆಸಿಡ್ ಬಾಟಲಿ ಕೊಟ್ಟ. "ಇದು ಸಿಮೆಂಟಿನ ಸಿಪ್ಪೇನೇ ಎಬ್ಬಿಸುತ್ತೆ ಅಕ್ಕ. ಜಾರೋ ಮಾತೇ ಇಲ್ಲ. ಕೈ ಜೋಪಾನ" ಎಂದ. ಸಿಪ್ಪೆ ಎದ್ದರೆ ಏಳಲಿ.

ಸಂಜೆ ಎಲ್ಲ ಕಲೆಗಳ ಮೇಲೂ ಬ್ಲೀಚಿಂಗ್ ಪೌಡರನ್ನು ನೀರಲ್ಲಿ ಕಲಸಿ ಮೆತ್ತಿದ್ದೇನೆ, ಬೆಳಗಿನವರೆಗೆ ನೆನೆಯಲಿ. ಬೆಳಿಗ್ಗೆ ಆಸಿಡ್. ಇವರು ಬಾಗಿಲಲ್ಲಿ ನಿಂತು "ನಾಳೆ ನಾನೂ ಸೇರ್ಕೊಳ್ಳಲಾ?" ಎಂದು ಕೇಳಿದರು. ಬೇಡ, ನೀವು ಅಮ್ಮನನ್ನು ನೋಡಿಕೊಳ್ಳಿ ಎಂದೆ.

ಮಾರ್ಚ್ ೨೪, ಸೋಮವಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಗಂಟಲು ಇನ್ನೂ ಉರಿಯುತ್ತಿದೆ.

ನಿನ್ನೆ ಬೆಳಿಗ್ಗೆ ಎದ್ದವಳೇ ಬಾಟಲಿ ತೆಗೆದೆ. ಬ್ಲೀಚಿಂಗ್ ಪೌಡರ್ ಬೆಳ್ಳಗೆ ಅಂಗಳಕ್ಕೆ ಮೆತ್ತಿಕೊಂಡಿತ್ತು. ತೊಳೆಯಬೇಕಿತ್ತು. ಒಂದು ಔಷಧಿ ಹಾಕಿದ ಜಾಗವನ್ನು ತೊಳೆಯದೆ ಇನ್ನೊಂದು ಹಾಕಬಾರದು. ನಮ್ಮ ಕೆಲಸದಲ್ಲಿ ಮೊದಲು ಕಲಿಯುವುದೇ ಅದು. ಇಷ್ಟು ವರ್ಷದಲ್ಲಿ ಒಂದು ಕರವಸ್ತ್ರದ ಮೇಲೂ ನಾನು ಅದನ್ನು ಮರೆತಿಲ್ಲ. ನಿನ್ನೆ ಮರೆತೆನಾ? ಮರೆಯಲಿಲ್ಲ. ಹೊರಟಾಯಿತು ಎಂದು ಅಣ್ಣನ ಮೆಸೇಜ್ ಬಂದಿತ್ತು. ಪೈಪು ಎಳೆದು, ತೊಳೆದು, ಒಣಗಿಸುವಷ್ಟರಲ್ಲಿ ಹೊತ್ತಾಗುತ್ತದೆ ಅನ್ನಿಸಿತು. ಬಯಲು ಜಾಗ, ಏನಾಗುತ್ತದೆ ಅಂದುಕೊಂಡೆ. ಸುರಿದೆ.

ಬುಸುಗುಟ್ಟಿಕೊಂಡು ನೊರೆ ಎದ್ದಿತು. ಹಸಿರು ಹಳದಿ ಹೊಗೆ ನೆಲದ ಮೇಲೇ ಹರಿದಾಡಿತು, ಮೇಲಕ್ಕೆ ಏಳಲಿಲ್ಲ. ನನಗೆ ಉಸಿರು ಕಟ್ಟಿ ಗೇಟಿಗೆ ಓಡಿದೆ. ಓಡಿದ್ದು ಗೇಟಿಗೆ. ತಿರುಗಿ ನೋಡಿದರೆ ಅಮ್ಮನ ಕಿಟಕಿ ತೆರೆದಿತ್ತು. ಬೆಳಗಿನ ಗಾಳಿ ಬರಲೆಂದು ಇವರು ದಿನವೂ ತೆರೆಯುತ್ತಿದ್ದರಂತೆ, ನಾನು ಗಮನಿಸಿರಲಿಲ್ಲ. ಗಾಳಿ ಆ ಕಡೆಗೇ ಬೀಸುತ್ತಿತ್ತು. ಒಳಗೆ ಅಮ್ಮ ಕೆಮ್ಮುವುದು ಕೇಳಿಸಿತು.

ಇವರು ಅಮ್ಮನನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಬಾಗಿಲಿನಿಂದ ರಸ್ತೆಗೆ ತಂದರು. ಸಿಕ್ಕಿದ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಅಮ್ಮನ ತುಟಿ ನೀಲಿಯಾಗುತ್ತಾ ಬಂತು.

ಡಾಕ್ಟರು ಕೇಳಿದರು, "ಏನು ಮಿಕ್ಸ್ ಮಾಡಿದ್ರಿ? ಯಾರು ಮಾಡಿದ್ದು?" ಅಷ್ಟು ಹೊತ್ತಿಗೆ ಅಣ್ಣನೂ ಬಂದು ನಿಂತಿದ್ದ. ನಾನು ಬಾಯಿ ತೆರೆದೆ, ಕೆಮ್ಮು ಬಂತು.

"ನಾನೇ ಡಾಕ್ಟ್ರೇ. ಬ್ಲೀಚಿಂಗ್ ಪೌಡರ್ ಮೇಲೆ ಆಸಿಡ್ ಹಾಕ್ದೆ. ಗೊತ್ತಾಗ್ಲಿಲ್ಲ" ಎಂದರು ಇವರು.

ಅಣ್ಣ ಅವರ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. ನರ್ಸ್ ಬಂದು ಬಿಡಿಸಿದಳು. ನನ್ನ ಕೆಮ್ಮು ಅಷ್ಟರಲ್ಲಿ ನಿಂತಿತ್ತು. ನಾನು ಸುಮ್ಮನಿದ್ದೆ.

ಮಾರ್ಚ್ ೨೫, ಮಂಗಳವಾರ

ಬಟ್ಟೆಗೆಂದು ಮನೆಗೆ ಹೋಗಿ ಬಂದೆ. ಆಸಿಡ್ ಬಿದ್ದ ಕಡೆಯೆಲ್ಲ ಸಿಮೆಂಟು ಕಿತ್ತು ಮರಳು ಮರಳಾಗಿ ಬೆಳ್ಳಗಾಗಿದೆ. ಜಿಡ್ಡಿಲ್ಲ, ತುಕ್ಕಿನ ಬಣ್ಣವಿಲ್ಲ, ವ್ಯಾಕ್ಸಿಲ್ಲ. ಚಪ್ಪಲಿ ಬಿಟ್ಟು ನಡೆದು ನೋಡಿದೆ. ಅಂಗಾಲು ತರಚುವಷ್ಟು ಒರಟು. ನೀರು ಬಿಟ್ಟು ತೊಳೆದೆ, ಮತ್ತೆ ತೊಳೆದೆ. ಆಸ್ಪತ್ರೆಗೆ ಹೋಗಲು ತಡವಾಯಿತು.

ಆಸ್ಪತ್ರೆಯ ಗೇಟಿನ ಹೊರಗೆ ಇವರು ಕಾಯುತ್ತಿದ್ದರು. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ನನ್ನ ಮೇಲೆ ಹೇಗೂ ಒಂದು ಇದೆ. ಅದರ ಜೊತೆ ಇದೂ ಇರಲಿ. ನಿನ್ನಣ್ಣನ ಹತ್ರ ನಿನಗಾದ್ರೂ ಮಾತು ಉಳೀಲಿ" ಎಂದರು. ನನ್ನ ಕೈಯಿಂದ ಬಟ್ಟೆಯ ಚೀಲ ತೆಗೆದುಕೊಂಡು ಮುಂದೆ ನಡೆದರು. ಅವರ ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿತ್ತು.

ಮಾರ್ಚ್ ೨೭, ಗುರುವಾರ

ಅಮ್ಮ ಸ್ವಲ್ಪ ವಾಸಿ. ಮಾಸ್ಕು ತೆಗೆದು ನಾಲ್ಕು ಮಾತಾಡುತ್ತಾಳೆ. ಡಾಕ್ಟರು ಇವತ್ತಿನಿಂದಲೇ ಎಬ್ಬಿಸಿ ನಡೆಸಲು ಹೇಳಿದ್ದಾರೆ. ಶ್ವಾಸಕೋಶ ಮೊದಲೇ ಸುಟ್ಟಿದೆ, ಮಲಗಿದರೆ ತುಂಬಿಕೊಳ್ಳುತ್ತದೆ, ಹೇಗಾದರೂ ಮಾಡಿ ಕಾಲ ಮೇಲೆ ನಿಲ್ಲಿಸಿ ಎಂದರು.

ನರ್ಸ್ ಎಬ್ಬಿಸಲು ಹೋದಳು. ಅಮ್ಮ ಮಂಚದ ಕಂಬಿ ಬಿಡಲಿಲ್ಲ. ಅಣ್ಣ ಗದರಿದ. ಅವಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾನು ಕೈ ಚಾಚಿದೆ. ನನ್ನ ಕೈ ನೋಡಿದಳು, ಆಸಿಡ್ ತಾಗಿ ಬೆರಳ ತುದಿಗಳೆಲ್ಲ ಸುಲಿದಿವೆ.

"ಅಳಿಯಂದ್ರು ಎಲ್ಲಿ? ಅವರು ಬರಲಿ, ಏಳ್ತೀನಿ."

"ಆ ಮನುಷ್ಯ ಈ ವಾರ್ಡಿನ ಬಾಗಿಲು ದಾಟಕೂಡದು" ಎಂದ ಅಣ್ಣ. ಬಾಗಿಲಲ್ಲಿ ಕೂರುವ ಕಾವಲಿನವನಿಗೂ ಹೇಳಿಟ್ಟಿದ್ದಾನೆ. ನನಗೆ ಮೈಯೆಲ್ಲ ಉರಿಯಿತು. ಸ್ವಂತ ತಂಗಿಯ ಗಂಡನನ್ನು ಹೀಗೆ ಆ ಮನುಷ್ಯ ಎಂದು ಕರೆಯುವ ನಾಲಿಗೆ ಎಂಥದ್ದಿರಬೇಕು.

ಇವರು ಕೆಳಗೆ ಆಂಬ್ಯುಲೆನ್ಸ್ ನಿಲ್ಲುವ ಕಡೆ ಕಟ್ಟೆಯ ಮೇಲೆ ಕೂತಿರುತ್ತಾರೆ. ಕೆಲಸಕ್ಕೂ ಹೋಗುತ್ತಿಲ್ಲ. ನಾನು ಇಳಿದು ಹೋದಾಗಲೆಲ್ಲ ಒಂದೇ ಪ್ರಶ್ನೆ, "ನಡೆದ್ರಾ?"

ಅಣ್ಣ ಊಟಕ್ಕೆ ಹೋದಾಗ ಅಮ್ಮ ಮಾಸ್ಕು ಸರಿಸಿ ನನ್ನನ್ನು ಹತ್ತಿರ ಕರೆದಳು. "ನಾನು ಕಿಟಕೀಲಿ ನೋಡ್ತಾ ಇದ್ದೆ. ನೀನೇ ಅಲ್ವಾ ಸುರಿದಿದ್ದು?"

"ಹೂಂ."

"ಅಣ್ಣಂಗೆ ಹೇಳ್ಬೇಡ. ಕೂಗಾಡ್ತಾನೆ. ನಂಗೆ ಗಲಾಟೆ ಬೇಡ."

ಅಮ್ಮನೇ ಬೇಡ ಎಂದಮೇಲೆ ನಾನು ಹೇಗೆ ಹೇಳಲಿ? ಆದರೂ ನಾಳೆ ಸಮಯ ನೋಡಿ ಹೇಳುತ್ತೇನೆ.

ಮಾರ್ಚ್ ೨೮, ಶುಕ್ರವಾರ

ಅಣ್ಣ ಬ್ಯಾಂಕಿನ ಫೋನಿನಲ್ಲೇ ಇದ್ದ. ಆಗಲಿಲ್ಲ. ಅಮ್ಮ ಏಳಲಿಲ್ಲ.

ಮಾರ್ಚ್ ೨೯, ಶನಿವಾರ

ಹೇಳಲಿಲ್ಲ.

ಮಾರ್ಚ್ ೩೦, ಭಾನುವಾರ

ಅಮ್ಮನಿಗೆ ಜ್ವರ. ಉಸಿರೆಳೆದರೆ ಎದೆಯೊಳಗೆ ಗೊರಗೊರ ಸದ್ದು. ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿ ನೋಡಿ, ಎರಡೂ ಕಡೆ ತುಂಬಿದೆ ಎಂದರು. "ಮೂರು ದಿನದಿಂದ ನಡೆಸಿ ಅಂತಿದೀನಿ. ಯಾಕೆ ನಡೆಸ್ಲಿಲ್ಲ?" ಎಂದು ಸಿಟ್ಟಾದರು. ಅಣ್ಣ ಹಟ ಮಾಡುತ್ತಾಳೆ ಎಂದ. ಇಬ್ಬರೂ ನನ್ನ ಕಡೆ ನೋಡಿದರು. ನಾನೂ ಹೌದು, ಹಟ ಮಾಡುತ್ತಾಳೆ ಎಂದೆ.

ಕೆಳಗೆ ಹೋದಾಗ ಇವರು ಕಟ್ಟೆಯಿಂದ ಎದ್ದು ನಿಂತರು. ಏನೂ ಕೇಳಲಿಲ್ಲ. ನನ್ನ ಮುಖದಲ್ಲೇ ಗೊತ್ತಾಗಿರಬೇಕು. ಪಕ್ಕದ ಅಂಗಡಿಯಿಂದ ಕಾಫಿ ತಂದು ಕೊಟ್ಟರು. ಲೋಟ ಹಿಡಿಯಲು ನನ್ನ ಬೆರಳಿಗೆ ಆಗಲಿಲ್ಲ. ತಮ್ಮ ಕರವಸ್ತ್ರ ಸುತ್ತಿ ಕೊಟ್ಟರು. ಎಷ್ಟು ಕೊಳೆ ಕರವಸ್ತ್ರ. ಅದರ ಒಂದು ಮೂಲೆಯಲ್ಲಿ ಗ್ರೀಸ್ ಕಲೆ, ತೆಗೆಯಬೇಕು ಎಂದೇನೂ ಅನ್ನಿಸಲಿಲ್ಲ. ಅದರಲ್ಲೇ ಮುಖ ಒರೆಸಿಕೊಂಡೆ.

ಮೆಟ್ಟಿಲು ಹತ್ತಿ ಬಂದವಳು ಅಣ್ಣನ ಮುಂದೆ ನಿಂತೆ. "ಆಸಿಡ್ ಸುರಿದಿದ್ದು ನಾನು" ಎಂದೆ. "ಅವರಲ್ಲ. ಅವರು ಅಂಗಳಕ್ಕೇ ಇಳಿದಿರಲಿಲ್ಲ. ನಾನೇ ಇಳಿಯೋಕೆ ಬಿಟ್ಟಿರಲಿಲ್ಲ. ಅಮ್ಮ ಅವರ ಕೈ ಹಿಡಿದ್ರೆ ಮಾತ್ರ ಏಳೋದು. ಒಳಗೆ ಬಿಡು ಅವರನ್ನ."

ಅಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. "ಗುರುವಾರ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ. ಆಮೇಲೆ ತಾನೇ ಕೆಳಗಿಳಿದು ಹೋಗಿ ಇವರನ್ನು ಕರೆದುಕೊಂಡು ಬಂದ.

ಏಪ್ರಿಲ್ ೨, ಬುಧವಾರ

ಅಮ್ಮ ಇಲ್ಲ. ಸೋಮವಾರ ಸಂಜೆ ಹೋದಳು. ಬಂದವರೆಲ್ಲ ಹೊರಟರು. ಅಣ್ಣ ಹೋಗುವಾಗ ಇವರ ಕೈ ಹಿಡಿದುಕೊಂಡು ನಿಂತಿದ್ದ. ನನಗೆ ಹೋಗ್ತೀನಿ ಎಂದಷ್ಟೇ ಹೇಳಿದ.

ಮಲಗಿದರೆ ನಿದ್ದೆ ಬರುವುದಿಲ್ಲ, ಅದಕ್ಕೆ ಬರೆಯುತ್ತೇನೆ.

ಇವರು ವಾರ್ಡಿಗೆ ಬಂದಾಗ ಅಮ್ಮನಿಗೆ ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಆದರೆ ಗುರುತು ಹಿಡಿದಳು. "ಬಂದ್ರಾ? ಎಬ್ಬಿಸಿ" ಎಂದಳು. ಡಾಕ್ಟರು ಬೇಡವೆಂದು ತಲೆಯಾಡಿಸಿದರು, ಈಗ ಎಬ್ಬಿಸಿ ಉಪಯೋಗವಿಲ್ಲ. ಇವರು ಒಂದು ಗಳಿಗೆ ನಿಂತು ಯೋಚಿಸಿದರು. ಮಂಚದ ಅಂಚಿನಲ್ಲಿ ಕೂತು ಒಂದು ಕೈಯಲ್ಲಿ ಅಮ್ಮನ ಕೈ ಹಿಡಿದುಕೊಂಡು, ಇನ್ನೊಂದು ಕೈಯನ್ನು ಹೊದಿಕೆಯೊಳಗೆ ಹಾಕಿ ಅವಳ ಅಂಗಾಲನ್ನು ಒತ್ತಿದರು. ಮೊದಲು ಒಂದು ಕಾಲು, ಆಮೇಲೆ ಇನ್ನೊಂದು. ನಿಧಾನಕ್ಕೆ, ಹೆಜ್ಜೆ ಹಾಕಿದ ಹಾಗೆ.

"ಎದ್ವಿ ಅತ್ತೆ. ನಡೀರಿ" ಎಂದರು.

ಭಾನುವಾರ ಮಧ್ಯಾಹ್ನವೆಲ್ಲ ಹಾಗೇ ನಡೆಸಿದರು. ಅಡುಗೆಮನೆಗೆ ಹೋದರು, ಹಿಂದಿನ ಬಾಗಿಲಿಗೆ ಹೋದರು. ಅಮ್ಮ ಕಣ್ಣು ಮುಚ್ಚಿಕೊಂಡೇ ಒಂದೆರಡು ಸಲ ನಕ್ಕಳು. ಸೋಮವಾರವೂ ನಡೆಸಿದರು. ಅಣ್ಣ ಕಿಟಕಿಯ ಹತ್ತಿರ ಬೆನ್ನು ತಿರುಗಿಸಿಕೊಂಡು ನಿಂತಿದ್ದ. ನಾನು ಬಾಗಿಲ ಬಳಿ ಇದ್ದೆ. ಮಂಚದ ಹತ್ತಿರ ಹೋಗಲು ಜಾಗವಿತ್ತು, ಹೋಗಲಿಲ್ಲ.

ಸಂಜೆ ಅಮ್ಮನ ಉಸಿರು ದೂರದೂರವಾಗುತ್ತಾ ಬಂತು. ನಡುವೆ ಒಮ್ಮೆ ಕಣ್ಣು ತೆರೆದಳು.

"ಎಲ್ಲೀವರೆಗೆ ಬಂದ್ವಿ?"

"ಅಂಗಳಕ್ಕೆ ಬಂದ್ವಿ ಅತ್ತೆ" ಎಂದರು ಇವರು.

ಅಮ್ಮ ಹೊದಿಕೆಯೊಳಗೆ ಕಾಲನ್ನು ಹಿಂದಕ್ಕೆ ಎಳೆದುಕೊಂಡದ್ದು ನನಗೆ ಬಾಗಿಲಿನಿಂದಲೂ ಕಾಣಿಸಿತು. "ಜಾರುತ್ತಾ?"

"ಜಾರಲ್ಲ. ನಿಮ್ಮ ಮಗಳು ತೊಳೆದಿದಾಳೆ."

ಅಮ್ಮ ಕಾಲು ಮತ್ತೆ ನೀಡಿಕೊಂಡಳು.

"ಹಾಗಾದ್ರೆ ಕೈ ಬಿಡಿ. ನಾನೇ ಹೋಗ್ತೀನಿ."

ಇವರು ಕೈ ಬಿಡಲಿಲ್ಲ. ನರ್ಸ್ ಬಂದು ಇನ್ನು ಸಾಕು ಎಂದು ಹೇಳುವವರೆಗೂ ಅಂಗಾಲು ಒತ್ತುತ್ತಲೇ ಇದ್ದರು.